ಹೂಂ ಎನ್ನದಿದ್ದರೆ ನಿಲ್ಲುವ ಕಥೆ

ಉಳ್ಳಾಲ
12 ಏಪ್ರಿಲ್ 2025

ಪ್ರೀತಿಯ ಉಪ್ಪಾ,

ಅಸ್ಸಲಾಮು ಅಲೈಕುಂ. ಇದನ್ನು ಕಾಗದದಲ್ಲಿ ಬರೆದು ಫೋಟೋ ತೆಗೆದು ಕಳುಹಿಸುತ್ತಿದ್ದೇನೆ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಮೆಸೇಜ್ ಮಾಡಿದರೆ ‘ಓಕೆ’, ‘ಫೈನ್’, ‘ಡ್ಯೂಟಿ’ ಅಂತ ಒಂದೊಂದೇ ಶಬ್ದ ಬರುತ್ತದೆ. ಪೆರ್ನಾಲ್ ಹಬ್ಬಕ್ಕೂ ನಿಮ್ಮ ಫೋನ್ ಬರಲಿಲ್ಲ. ಮೊಬೈಲಿನ ಮೈಕ್ ಕೆಟ್ಟಿದೆ ಅಂತ ನೀವು ಬರೆದದ್ದನ್ನು ಉಮ್ಮ ನಂಬಿದ ಹಾಗೆ ಮಾಡಿದರು.

ನಿಮಗೆ ನನ್ನ ಮೇಲಿನ ಸಿಟ್ಟು ಇಳಿದಿಲ್ಲ ಅಂತ ಗೊತ್ತು. ಶಾಲೆಯ ಕೆಲಸ ಬಿಟ್ಟು ಕಂಕನಾಡಿಯ ಆಫೀಸಿಗೆ ಸೇರಿದೆ ಅಂತ ಡಿಸೆಂಬರಿನಲ್ಲಿ ಹೇಳಿದಾಗ ನೀವು ಹೇಳಿದ್ದು ಅಕ್ಷರಕ್ಕೆ ಅಕ್ಷರ ನೆನಪುಂಟು. ‘ಮೊಬೈಲ್ ಆಟದ ನಾಯಿ ನರಿಗೆ ಮಾತು ಬರೀಲಿಕ್ಕಾ ನಿನ್ನನ್ನು ಓದಿಸಿದ್ದು? ನಾಚಿಕೆ ಆಗ್ಬೇಕು ನಿನಗೆ.’ ಅಷ್ಟು ಹೇಳಿ ಇಟ್ಟುಬಿಟ್ಟಿರಿ. ಸ್ವರವೂ ಕಟ್ಟಿತ್ತು. ಸಿಟ್ಟಿಗೆ ಹಾಗಾಗಿದೆ ಅಂದುಕೊಂಡೆ.

ಈಗ ಆ ಕೆಲಸದ ವಿಷಯವೇ ಕೇಳಬೇಕು. ಬೈಯುವುದಾದರೆ ಪೂರ್ತಿ ಓದಿ ಬೈಯಿರಿ. ಜಪಾನಿನವರ ಒಂದು ಆಟದ ಸರಣಿ ಉಂಟು. ಅಲ್ಲಿಯ ಅಜ್ಜಿಕಥೆಗಳನ್ನೆಲ್ಲ ತಲೆಕೆಳಗು ಮಾಡಿ ನಗಿಸುವ ಆಟ. ಸೋರೆಕಾಯಿಯೊಳಗೆ ಹುಟ್ಟಿದ ಹ್ಯೋಕೊ ಅನ್ನುವ ಹುಡುಗಿ, ಒಂದು ಹೊಟ್ಟೆಬಾಕ ನರಿಯ ಜೊತೆ ಊರೂರು ಸುತ್ತಿ ಭೂತ ಪಿಶಾಚಿಗಳ ಹತ್ತಿರ ಜಗಳಕ್ಕೆ ಹೋಗುತ್ತಾಳೆ. ಐದು ಭಾಗ ಬಂದಿದೆ. ಮೊದಲನೆಯದು ಈಗ ಕನ್ನಡದಲ್ಲಿ ಬರಲಿಕ್ಕುಂಟು. ಅದರ ಮಾತುಗಳನ್ನು ಕನ್ನಡಕ್ಕೆ ತರುವವಳು ನಾನು.

ಕಥೆ ಹೇಳುವುದು ಪರದೆಯ ಮೂಲೆಯಲ್ಲಿ ಕೂತ ಒಬ್ಬ ಮುದುಕ. ಮಧ್ಯೆ ಮಧ್ಯೆ ನಿಲ್ಲಿಸುತ್ತಾನೆ. ಆಗ ಆಡುವವರು ಗುಂಡಿ ಒತ್ತಿ ‘ಹೂಂ’ ಅನ್ನಬೇಕು. ಅನ್ನದಿದ್ದರೆ ಮುದುಕ ಮುನಿಸಿಕೊಂಡು ಹೊದ್ದು ಮಲಗುತ್ತಾನೆ, ಆಟವೇ ನಿಲ್ಲುತ್ತದೆ. ನನಗೆ ಉಮ್ಮ ಹೇಳಿದ್ದು ನೆನಪಾಯಿತು. ಅಜ್ಜಿ ಬೀಡಿ ಕಟ್ಟುತ್ತಾ ಕಥೆ ಹೇಳುವಾಗ, ನೀವು ಹೂಂ ಅನ್ನದಿದ್ದರೆ ನಿಲ್ಲಿಸಿಬಿಡುತ್ತಿದ್ದರಂತೆ.

ಅಜ್ಜಿಯನ್ನು ನಾನು ನೋಡಿಲ್ಲ. ಅವರು ಕಥೆ ಶುರು ಮಾಡುತ್ತಿದ್ದದ್ದು ಹೇಗೆ? ‘ಒಂದಾನೊಂದು ಕಾಲದಲ್ಲಿ’ ಅಂತ ನಾನು ಬರೆದದ್ದನ್ನು ಆಫೀಸಿನವರು ಪಾಠಪುಸ್ತಕದ ಹಾಗುಂಟು ಅಂದರು. ನೆನಪಿದ್ದರೆ ಬರೆಯಿರಿ. ನೀವು ನನಗೆ ಒಂದು ಕಥೆಯೂ ಹೇಳಿದ್ದಿಲ್ಲ. ಊಟ ಆಯಿತಾ, ಓದು ಹೇಗುಂಟು ಅಂತ ಕೇಳುವಷ್ಟರಲ್ಲಿ ಫೋನ್ ಮುಗಿಯುತ್ತಿತ್ತು.

ನಿಮ್ಮ ಮಗಳು,
ನಶ್ರಾ


ರಿಗ್ಗೈ, ಕುವೈತ್
21 ಏಪ್ರಿಲ್ 2025

ಮಗಳೇ ನಶ್ರಾ,

ವಅಲೈಕುಮುಸ್ಸಲಾಂ. ನಿನ್ನ ಪತ್ರವನ್ನು ಬೀರಾನ್ ತನ್ನ ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದ. ಮಂಜೇಶ್ವರದವ, ಹನ್ನೊಂದು ವರ್ಷದಿಂದ ನನ್ನ ಕೋಣೆಯಲ್ಲೇ ಇರುವವ. ಇದನ್ನು ಫೋಟೋ ತೆಗೆದು ಕಳುಹಿಸುವವನೂ ಅವನೇ. ಕನ್ನಡ ಬರೆಯದೆ ಬಹಳ ಕಾಲವಾಯಿತು. ಶುವೈಖ್‌ನ ಗೋಡೌನಿನಲ್ಲಿ ನಾನು ಬರೆಯುವುದು ಬೆಲ್ಟ್, ಬೇರಿಂಗ್, ಫಿಲ್ಟರ್ ಇಷ್ಟೇ, ಅದೂ ಇಂಗ್ಲಿಷಿನಲ್ಲಿ. ಅಕ್ಷರ ಸೊಟ್ಟವಿದ್ದರೆ ನಗಬೇಡ.

ನನಗೆ ಸಿಟ್ಟಿಲ್ಲ. ಆವತ್ತು ಹೇಳಿದ್ದನ್ನು ಮರೆತುಬಿಡು ಅಂತ ಬರೆಯಲಿಕ್ಕೆ ಹೊರಟೆ. ನೀನು ಅಕ್ಷರಕ್ಕೆ ಅಕ್ಷರ ನೆನಪಿಟ್ಟದ್ದನ್ನು ನೋಡಿ ಹಾಗೆ ಬರೆಯಲು ಕೈ ಬರಲಿಲ್ಲ.

ನನ್ನ ಉಮ್ಮ ‘ಒಂದೂರಲ್ಲಿ’ ಅಂತ ಶುರು ಮಾಡುತ್ತಿದ್ದರು. ನಾನು ಯಾವ ಊರು ಅಂತ ಕೇಳುತ್ತಿದ್ದೆ. ಅದಕ್ಕೆ ಅವರು ಶುರುವಿನಲ್ಲೇ ಸೇರಿಸಿಬಿಟ್ಟರು: ‘ಒಂದೂರಲ್ಲಿ, ಯಾವ ಊರು ಅಂತ ಕೇಳ್ಬೇಡ, ಒಬ್ಬ ಇದ್ದ.’ ಬೀಡಿ ಸುತ್ತುವಾಗ ಮಾತು ಓಡುತ್ತಿತ್ತು. ನೂಲು ಸುತ್ತಿ ಗಂಟು ಹಾಕುವಾಗ ನಿಲ್ಲುತ್ತಿತ್ತು. ಅಲ್ಲಿ ಹೂಂ ಅನ್ನಬೇಕು. ಬೀಡಿಗೊಂದು ಹೂಂ. ನನಗೆ ನಿದ್ದೆ ತೂಗಿದರೆ ಕಥೆ ಅಲ್ಲಿಗೇ ಬಿಟ್ಟು ಸುಮ್ಮನೆ ಬೀಡಿ ಕಟ್ಟುತ್ತಿದ್ದರು. ಎಷ್ಟೋ ಕಥೆಗಳ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ.

ನಿನ್ನ ಉಮ್ಮನಿಗೆ ನನ್ನ ಸಲಾಂ ಹೇಳು. ಆರೋಗ್ಯವಾಗಿದ್ದೇನೆ.

ನಿನ್ನ ಉಪ್ಪ,
ಹಸೈನಾರ್


ಉಳ್ಳಾಲ
9 ಮೇ 2025

ಪ್ರೀತಿಯ ಉಪ್ಪಾ,

‘ಯಾವ ಊರು ಅಂತ ಕೇಳ್ಬೇಡ’ ಪಾಸಾಯಿತು! ಮೂಲದಲ್ಲಿ ಮುದುಕ ‘ಬಹಳ ಬಹಳ ಹಿಂದೆ, ಎಲ್ಲೋ ಒಂದು ಕಡೆ’ ಅನ್ನುತ್ತಾನೆ. ಹ್ಯೋಕೊ ತಕ್ಷಣ ಬಾಯಿ ಹಾಕಿ ‘ಎಲ್ಲಿ ಅಂತ ಸರಿಯಾಗಿ ಹೇಳು’ ಅನ್ನುತ್ತಾಳೆ, ಮುದುಕ ತಡವರಿಸುತ್ತಾನೆ. ಐದು ಭಾಗದಲ್ಲೂ ಇದೇ ತಮಾಷೆಯಿಂದ ಶುರು. ಅಜ್ಜಿಯ ಮಾತು ಹಾಕಿದ ಮೇಲೆ ಹ್ಯೋಕೊ ಬಾಯಿ ತೆರೆಯುವ ಮೊದಲೇ ಮುದುಕ ಗದರಿಸಿದ ಹಾಗಾಯಿತು. ನಮ್ಮ ಆಫೀಸಿನ ರೋಶನ್ ನಕ್ಕು ಚಹಾ ಚೆಲ್ಲಿಕೊಂಡ.

ಇನ್ನೂ ಕೆಲವು ರೀತಿ ರಿವಾಜುಗಳಿವೆ. ಯಾವ ಭೂತವೂ ಪರಿಚಯ ಹೇಳದೆ ಹೊಡೆದಾಟಕ್ಕೆ ಬರುವುದಿಲ್ಲ. ಹೆಸರು, ಮನೆತನ, ಅಜ್ಜನ ಪರಾಕ್ರಮ ಎಲ್ಲ ಹೇಳಿ ಮುಗಿಸುವವರೆಗೆ ಹ್ಯೋಕೊ ಕೈ ಎತ್ತುವ ಹಾಗಿಲ್ಲ, ನರಿ ಗೊರಕೆ ಹೊಡೆಯುತ್ತದೆ. ತಲೆಯ ಮೇಲೆ ನೀರಿನ ತಟ್ಟೆ ಇರುವ ಒಂದು ಹೊಳೆಭೂತ ಉಂಟು. ಆ ನೀರು ಚೆಲ್ಲಿದರೆ ಅದರ ಶಕ್ತಿ ಹೋಯಿತು. ಆದರೆ ಭಾರೀ ಮರ್ಯಾದಸ್ಥ. ನಾವು ಬಗ್ಗಿ ವಂದಿಸಿದರೆ ಅದೂ ಬಗ್ಗುತ್ತದೆ, ನೀರೆಲ್ಲ ಚೆಲ್ಲುತ್ತದೆ. ಅದಕ್ಕೊಂದು ಪರಿಚಯದ ಮಾತು ಬೇಕು.

ಈ ಆಟದಲ್ಲಿ ಯಾರೂ ಸಾಯುವುದಿಲ್ಲ. ಸೋತವರು ಆಕಾಶಕ್ಕೆ ಹಾರಿಹೋಗುತ್ತಾರೆ, ಮುಂದಿನ ಭಾಗದಲ್ಲಿ ದಾರಿಬದಿ ಚಹಾ ಅಂಗಡಿ ಇಟ್ಟು ಕೂತಿರುತ್ತಾರೆ. ಕೊನೆಯೂ ಯಾವಾಗಲೂ ಒಂದೇ. ಹ್ಯೋಕೊ ವರ್ಷಗಟ್ಟಲೆ ತಿರುಗಿ ಮನೆಗೆ ಬಂದರೆ ಸಾಕಿದ ಅಜ್ಜಿ ತಲೆ ಎತ್ತದೆ, ‘ಎಲ್ಲಿಗೆ ಹೋಗಿದ್ದೆ? ಅನ್ನ ತಣಿಯಿತು’ ಅನ್ನುತ್ತಾಳೆ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬಂದ ಹಾಗೆ. ಜನ ನಗಬೇಕು. ನನಗೆ ಮಾತ್ರ ನಗು ಬರುವ ಹಾಗೆ ಬರೆಯಲಿಕ್ಕಾಗುತ್ತಿಲ್ಲ.

ನಶ್ರಾ


ರಿಗ್ಗೈ
25 ಮೇ 2025

ಮಗಳೇ,

ಪರಿಚಯ ಹೇಳುವುದು ಇಲ್ಲಿಯೂ ಉಂಟು. ಕೋಣೆಗೆ ಹೊಸಬ ಬಂದರೆ ಹೆಸರು, ಊರು, ಕಂಪೆನಿ, ಎಷ್ಟು ವರ್ಷವಾಯಿತು, ಯಾರ ವೀಸಾ, ಎಲ್ಲ ಹೇಳಿದ ಮೇಲೆಯೇ ಚಪ್ಪಲಿ ಎಲ್ಲಿಡುವುದು ಅಂತ ಜಗಳ ಶುರು. ನಿನ್ನ ಹೊಳೆಭೂತಕ್ಕೆ ಇದನ್ನು ಬರೆದಿದ್ದೇನೆ:

‘ನಾನು ತಟ್ಟೆತಲೆ ಮನೆತನದ ಮೂರನೇ ಮಗ. ತಂದೆ ಮುಳುಗಿಸಿದ್ದು ಏಳು ದೋಣಿ. ಅಣ್ಣ ಮೂರು. ನಾನು ಇನ್ನೂ ಒಂದೂ ಇಲ್ಲ. ದಯಮಾಡಿ ನಿಮ್ಮಿಂದ ಶುರು ಮಾಡಲಿಕ್ಕೆ ಅವಕಾಶ ಕೊಡಬೇಕು.’

ಬೀರಾನ್ ಓದಿ ಬಿದ್ದು ಬಿದ್ದು ನಕ್ಕ. ಅವನು ನಕ್ಕದ್ದು ನೋಡಿ ನನಗೂ ಸಂತೋಷವಾಯಿತು. ಸಂಜೆಯ ಮಗ್ರಿಬ್ ನಮಾಜ್ ಆದ ಮೇಲೆ ಕೋಣೆಯ ಉಳಿದ ಮೂವರೂ ಊರಿಗೆ ಫೋನ್ ಹಚ್ಚಿ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿಯುತ್ತಾರೆ. ಆ ಹೊತ್ತಿಗೆ ನನಗೆ ಈಗ ನಿನ್ನ ಭೂತಗಳುಂಟು.

‘ಅನ್ನ ತಣಿಯಿತು’ ಬೇಡ. ನಮ್ಮ ಕಡೆಯವರು ಹಾಗೆ ಹೇಳುವುದಿಲ್ಲ. ‘ಕೈ ತೊಳೆದು ಬಾ’ ಅಂತ ಹಾಕು. ಎರಡು ವರ್ಷಕ್ಕೊಮ್ಮೆ ನಾನು ಬಂದು ಬಾಗಿಲಲ್ಲಿ ನಿಂತರೆ ನಿನ್ನ ಉಮ್ಮ ಹೇಳುತ್ತಿದ್ದದ್ದು ಅದೊಂದೇ ಮಾತು. ಹೇಳಿ ಒಳಗೆ ಹೋಗುತ್ತಿದ್ದಳು. ಒಳಗೆ ಏನು ಮಾಡುತ್ತಿದ್ದಳೋ, ನಾನು ಹೋಗಿ ನೋಡಲಿಲ್ಲ.

ಹಸೈನಾರ್


ಉಳ್ಳಾಲ
28 ಜೂನ್ 2025

ಪ್ರೀತಿಯ ಉಪ್ಪಾ,

ತಟ್ಟೆತಲೆ ಭೂತ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಉಂಟು. ಯಾರಾದರೂ ತಡವಾಗಿ ಬಂದರೆ ‘ನಿಮ್ಮಿಂದ ಶುರು ಮಾಡಲಿಕ್ಕೆ ಅವಕಾಶ ಕೊಡಬೇಕು’ ಅನ್ನುತ್ತಾರೆ.

ಒಂದು ಆಸೆ ಉಂಟು. ಮುದುಕನ ಪಾತ್ರಕ್ಕೆ ಸ್ವರ ಹುಡುಕುತ್ತಿದ್ದೇವೆ. ಇಬ್ಬರು ಕಲಾವಿದರು ಬಂದು ಓದಿದರು. ಒಬ್ಬರು ವಾರ್ತೆ ಓದಿದ ಹಾಗೆ, ಇನ್ನೊಬ್ಬರು ಭಾಷಣದ ಹಾಗೆ. ನಾನು ಧೈರ್ಯ ಮಾಡಿ ‘ನನ್ನ ತಂದೆ ಇದ್ದಾರೆ’ ಅಂದುಬಿಟ್ಟೆ. ಈ ಮಾತುಗಳಲ್ಲಿ ಅರ್ಧ ನಿಮ್ಮವೇ. ಬೇರೆಯವರ ಬಾಯಲ್ಲಿ ಅವು ಸರಿ ಕೂರುವುದಿಲ್ಲ. ಬೀರಾನ್ ಅವರ ಮೊಬೈಲಿನಲ್ಲಿ ಎರಡೇ ನಿಮಿಷ ರೆಕಾರ್ಡ್ ಮಾಡಿ ಕಳುಹಿಸಿ. ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ಆರು ತಿಂಗಳಾಯಿತು ನಿಮ್ಮ ಸ್ವರ ಕೇಳದೆ.

ನಶ್ರಾ


ರಿಗ್ಗೈ
14 ಜುಲೈ 2025

ಮಗಳೇ ನಶ್ರಾ,

ಇಲ್ಲಿ ನಾಲ್ಕು ದಿನದಿಂದ ಧೂಳಿನ ಗಾಳಿ. ಕಿಟಕಿಯ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ ಕೂತಿದ್ದೇವೆ. ನನಗೆ ಹೊರಗೆ ಹೋಗುವ ಹಾಗಿಲ್ಲ, ಕಂಪೆನಿಯವರೂ ರಜೆ ಕೊಟ್ಟಿದ್ದಾರೆ.

ನನ್ನ ಸ್ವರ ಆಟಕ್ಕೆ ಆಗುವಂಥದ್ದಲ್ಲ. ಬೇರೆಯವರನ್ನು ನೋಡು. ನೀನು ಮೆಸೇಜಿನಲ್ಲಿ ಹೇಳಿದ್ದ, ಮುರಿದ ಕೊಡೆ ಭೂತವಾಗುವ ಕಥೆಗೆ ಏಳು ಪುಟ ಬರೆದು ಜೊತೆಗೆ ಕಳುಹಿಸಿದ್ದೇನೆ. ಇನ್ನೇನು ಬೇಕಾದರೂ ಕೇಳು, ಬರೆದು ಕೊಡುತ್ತೇನೆ.

ಹಸೈನಾರ್


ಉಳ್ಳಾಲ
22 ಆಗಸ್ಟ್ 2025

ಉಪ್ಪಾ,

ಕೊಡೆಯ ಕಥೆ ಚೆನ್ನಾಗಿತ್ತು. ಆಫೀಸಿನವರು ಹೊಗಳಿದರು. ನಾನು ಹೊಗಳುವುದಿಲ್ಲ.

ನಿನ್ನೆ ಉಮ್ಮ ಬೂತಾಯಿ ಮೀನು ಕೊಯ್ಯುತ್ತಾ, ನನ್ನ ಮುಖ ನೋಡದೆ ಕೇಳಿದರು, ‘ಅಲ್ಲಿ ಅವರಿಗೆ ಬೇರೆ ಮನೆ ಉಂಟಾ?’ ಬೀರಾನ್ ಅವರಿಗೆ ಫೋನ್ ಮಾಡಿದೆ. ‘ಪಕ್ಕದಲ್ಲೇ ಇದ್ದಾರೆ’ ಅಂದರು. ‘ಕೊಡಿ’ ಅಂದೆ. ‘ಬಾತ್‌ರೂಮಿಗೆ ಹೋದರು’ ಅಂದರು. ಅಷ್ಟು ದೊಡ್ಡ ಮನುಷ್ಯರ ಬಾಯಲ್ಲಿ ನೀವು ಸುಳ್ಳು ಹೇಳಿಸುತ್ತಿದ್ದೀರಿ.

ಒಂದು ಆಟಕ್ಕೆ ಇಷ್ಟು ಬರೆಯುವವರು, ಮನೆಯವರ ಹತ್ತಿರ ಎರಡು ಮಾತು ಆಡಲಿಕ್ಕಾಗದಷ್ಟು ಏನಾಗಿದೆ? ನಾನು ತಪ್ಪು ಮಾಡಿದ್ದರೆ ನನಗೆ ಶಿಕ್ಷೆ ಕೊಡಿ. ಉಮ್ಮನಿಗೆ ಯಾಕೆ? ನೀವು ನನ್ನ ಹತ್ತಿರ ಕೊನೆಗೆ ಆಡಿದ್ದು ‘ನಾಚಿಕೆ ಆಗ್ಬೇಕು ನಿನಗೆ’ ಅನ್ನುವ ಮಾತು. ಅದನ್ನೇ ಇಟ್ಟುಕೊಂಡು ನಾನು ಎಷ್ಟು ದಿನ ಇರಬೇಕು ಅಂತ ಹೇಳಿಬಿಡಿ.

ಇನ್ನು ಪುಟಗಳು ಬೇಡ.

ನಶ್ರಾ


ರಿಗ್ಗೈ
5 ಸೆಪ್ಟೆಂಬರ್ 2025

ಮಗಳೇ ನಶ್ರಾ,

ಇದನ್ನು ಮೊದಲು ನೀನು ಒಬ್ಬಳೇ ಓದು. ಆಮೇಲೆ ಉಮ್ಮನಿಗೆ ಓದಿ ಹೇಳು.

ನನಗೆ ಬೇರೆ ಮನೆ ಇಲ್ಲ. ಸ್ವರ ಇಲ್ಲ.

ಕಳೆದ ವರ್ಷ ಬೇಸಿಗೆಯಿಂದಲೇ ಗಂಟಲು ಕಟ್ಟುತ್ತಿತ್ತು. ಎಸಿ ಗಾಳಿ ಅಂದುಕೊಂಡೆ. ಡಿಸೆಂಬರಿನಲ್ಲಿ ಪರೀಕ್ಷೆ ಮಾಡಿದ ಡಾಕ್ಟರ್ ಗಡ್ಡೆ ಉಂಟು, ಕೆಟ್ಟದ್ದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ಅದನ್ನು ಕೇಳಿಕೊಂಡು ಕೋಣೆಗೆ ಬಂದೆ. ಆ ಸಂಜೆಯೇ ನೀನು ಫೋನ್ ಮಾಡಿ ಹೊಸ ಕೆಲಸ ಸಿಕ್ಕಿತು ಅಂದದ್ದು. ನಿನ್ನ ಸ್ವರದಲ್ಲಿ ಎಷ್ಟು ಸಂತೋಷವಿತ್ತು. ನಾನು ಹೇಳಿದ್ದು ನಿನಗೆ ಗೊತ್ತುಂಟು. ಸಿಟ್ಟು ನಿನ್ನ ಮೇಲೆ ಇರಲಿಲ್ಲ ಮಗಳೇ. ಕೈಗೆ ಸಿಕ್ಕಿದವಳು ನೀನು.

ಫೆಬ್ರವರಿ ಮೂರಕ್ಕೆ ಆಪರೇಷನ್ ಆಯಿತು. ಅದಕ್ಕೆ ಮುಂಚೆ ಆರು ವಾರಕ್ಕಿಂತ ಹೆಚ್ಚೇ ಸಮಯವಿತ್ತು. ಗೊಗ್ಗರಾದರೂ ಒಂದು ಸ್ವರವೂ ಇತ್ತು. ನಿನಗೆ ಫೋನ್ ಮಾಡಬಹುದಿತ್ತು. ದಿನಾ ನಿನ್ನ ಹೆಸರು ತೆರೆದು ನೋಡುತ್ತಿದ್ದೆ. ಬಾಯಿ ತೆರೆದರೆ ಅಳು ಬಂದು ಎಲ್ಲ ಹೊರಗೆ ಬಿದ್ದೀತು ಅಂತ ಹೆದರಿ ಬಿಟ್ಟುಬಿಟ್ಟೆ. ಆಪರೇಷನ್ನಿನ ಹಿಂದಿನ ದಿನ ನಿನ್ನ ಉಮ್ಮನಿಗೆ ಮಾತ್ರ ಮಾಡಿದೆ. ಶೀತ ಅಂದೆ. ಕಷಾಯ ಮಾಡಿ ಕುಡಿಯಿರಿ ಅಂದಳು. ಹೂಂ ಅಂದೆ. ಅದು ಕೊನೆ.

ಈಗ ಕತ್ತಿನಲ್ಲಿ ಒಂದು ತೂತು. ಉಸಿರಾಡುವುದು ಅದರಲ್ಲಿ. ಮೇಲೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಧೂಳೆದ್ದರೆ ಹೊರಗೆ ಹೋಗುವ ಹಾಗಿಲ್ಲ ಅಂತ ಬರೆದದ್ದು ಸುಳ್ಳಲ್ಲ. ಕತ್ತಿಗೆ ಒತ್ತಿ ಹಿಡಿದರೆ ಮಾತಾಡುವ ಒಂದು ಯಂತ್ರ ಕೊಟ್ಟಿದ್ದಾರೆ. ಒಮ್ಮೆ ಪ್ರಯತ್ನಿಸಿದೆ. ಮಿಕ್ಸಿ ತಿರುಗಿದ ಹಾಗೆ ಸದ್ದು ಬಂತು. ಬೀರಾನ್‌ಗೆ ನಗು ಬಂತು, ಆಮೇಲೆ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಅದನ್ನು ಪೆಟ್ಟಿಗೆಯಲ್ಲಿಟ್ಟೆ. ಗೋಡೌನಿನಲ್ಲಿ ಚಪ್ಪಾಳೆ ತಟ್ಟಿ ಕರೆಯುತ್ತೇನೆ, ಉಳಿದದ್ದು ಚೀಟಿಯಲ್ಲಿ ಬರೆಯುತ್ತೇನೆ. ಕೆಲಸ ನಡೆಯುತ್ತದೆ.

ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಸರಿಯಾದ ಉತ್ತರ ಇಲ್ಲ. ಇಪ್ಪತ್ತೇಳು ವರ್ಷ ಆ ಮನೆಯಲ್ಲಿ ನಾನು ಇದ್ದದ್ದೇ ಫೋನಿನಲ್ಲಿ. ಸ್ವರ ಹೋದ ಮೇಲೆ ಆ ಮನೆಯಲ್ಲಿ ನನ್ನದು ಅಂತ ಏನು ಉಳಿಯಿತು ಅಂತ ಅನಿಸಿತು. ನೀನು ಏಪ್ರಿಲಿನಲ್ಲಿ ಬರೆದ ದಿನ, ಬರೆದಾದರೂ ಇರಬಹುದಲ್ಲ ಅಂತ ಅನಿಸಿತು. ಹಾಗೆ ಬರೆದೆ.

ನಾಚಿಕೆ ಆಗಬೇಕಾದದ್ದು ನಿನಗಲ್ಲ. ನಿನ್ನ ಕೆಲಸ ಒಳ್ಳೆಯ ಕೆಲಸ. ಇದನ್ನು ನಾನು ಬಾಯಿ ತೆರೆದು ಹೇಳಬೇಕಿತ್ತು.

ಹಸೈನಾರ್


ಉಳ್ಳಾಲ
8 ಸೆಪ್ಟೆಂಬರ್ 2025

ಉಪ್ಪಾ,

ಒಬ್ಬಳೇ ಓದಿದೆ. ಆಮೇಲೆ ಉಮ್ಮನ ಮುಂದೆ ಕೂತು ಓದಿದೆ. ಅರ್ಧದಲ್ಲಿ ನನಗೆ ಆಗಲಿಲ್ಲ. ಉಮ್ಮ ಮೊಬೈಲ್ ತೆಗೆದುಕೊಂಡು ಉಳಿದದ್ದನ್ನು ತಾವೇ ಓದಿದರು, ಕೂಡಿಸಿ ಕೂಡಿಸಿ, ತುಟಿ ಅಲ್ಲಾಡಿಸುತ್ತಾ. ಮುಗಿಸಿ ಒಂದೇ ಪ್ರಶ್ನೆ ಕೇಳಿದರು. ‘ಆಪರೇಷನ್ ಆದ ಮೇಲೆ ಅವರಿಗೆ ಗಂಜಿ ಕೊಟ್ಟದ್ದು ಯಾರು?’

ಅದನ್ನು ತಿಳಿಸಿ. ಅವರಿಗೆ ಅದು ಗೊತ್ತಾಗಲೇಬೇಕಂತೆ.

ನನಗೆ ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ. ನಿಮ್ಮನ್ನು ನೋಡಬೇಕು. ಎರಡೂ ಒಟ್ಟಿಗೆ ಉಂಟು. ಹಳೆಯ ವಾಯ್ಸ್ ಮೆಸೇಜ್ ಇದ್ದರೆ ಕಂಪ್ಯೂಟರಿನಲ್ಲಿ ನಿಮ್ಮ ಸ್ವರ ಮಾಡಬಹುದು ಅಂತ ರೋಶನ್ ಹೇಳಿದ. ಹುಡುಕಿದೆ. ಹನ್ನೊಂದು ಸಿಕ್ಕವು. ಎಲ್ಲದರಲ್ಲೂ ‘ಊಟ ಆಯಿತಾ’. ಒಂದೊಂದನ್ನೂ ಕೇಳಿದೆ, ಅವನಿಗೆ ಕೊಡಲಿಲ್ಲ.

ಶುಕ್ರವಾರ ಜುಮಾ ನಮಾಜ್ ಆದ ಮೇಲೆ ವಿಡಿಯೋ ಕಾಲ್ ಮಾಡುತ್ತೇವೆ. ಬಟ್ಟೆ ಕಟ್ಟಿಕೊಂಡರೂ ಸರಿ, ಕಟ್ಟದಿದ್ದರೂ ಸರಿ. ಎತ್ತಿ.

ನಶ್ರಾ


ಉಳ್ಳಾಲ
12 ಅಕ್ಟೋಬರ್ 2025

ಪ್ರೀತಿಯ ಉಪ್ಪಾ,

ಪ್ರತಿ ಶುಕ್ರವಾರ ಪರದೆಯಲ್ಲಿ ನಿಮ್ಮನ್ನು ನೋಡಿದ ಮೇಲೆಯೂ ಪತ್ರ ಬರೆಯುವುದು ಬಿಡಲಿಕ್ಕಾಗುತ್ತಿಲ್ಲ.

ನಿಮಗೆ ಹೇಳದೆ ಒಂದು ಕೆಲಸ ಮಾಡಿದ್ದೇನೆ. ಕಥೆ ಹೇಳುವ ಮುದುಕನನ್ನು ಕನ್ನಡದಲ್ಲಿ ಮುದುಕಿ ಮಾಡಬಹುದಾ ಅಂತ ಜಪಾನಿನವರನ್ನು ಕೇಳಿದೆ. ಎರಡು ವಾರ ಯೋಚಿಸಿ ಒಪ್ಪಿದರು. ಉಮ್ಮನನ್ನು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಮೈಕ್ ಮುಂದೆ ಹತ್ತು ನಿಮಿಷ ಬೆವರಿದರು. ಆಮೇಲೆ ನನ್ನನ್ನು ಗಾಜಿನ ಆಚೆಯಿಂದ ಒಳಗೆ ಕರೆದು ಎದುರು ಕೂರಿಸಿಕೊಂಡರು. ‘ನೀನು ಹೂಂ ಅನ್ನು, ಇಲ್ಲದಿದ್ದರೆ ನಾನು ಗೋಡೆಗೆ ಹೇಳ್ಲಿಕ್ಕುಂಟಾ?’ ನನ್ನ ಹೂಂಗಳನ್ನು ಆಮೇಲೆ ಕತ್ತರಿಸಬೇಕಾಯಿತು. ತಟ್ಟೆತಲೆ ಭೂತ ಬರುವಲ್ಲಿ ಅವರಿಗೇ ನಗು ತಡೆಯಲಿಲ್ಲ. ಆ ನಗುವನ್ನು ಹಾಗೇ ಬಿಟ್ಟಿದ್ದೇವೆ.

ರೆಕಾರ್ಡಿಂಗ್ ಕಳುಹಿಸಿದ್ದೇನೆ. ಮಾತು ಬರೆದವರ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ನಿಮ್ಮ ಹೆಸರುಂಟು.

ನಿಮ್ಮ,
ನಶ್ರಾ


ರಿಗ್ಗೈ
30 ಅಕ್ಟೋಬರ್ 2025

ಮಗಳೇ ನಶ್ರಾ,

ರೆಕಾರ್ಡಿಂಗನ್ನು ಗೋಡೌನಿನಲ್ಲಿ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಬೆಲ್ಟುಗಳ ರ‍್ಯಾಕಿನ ಮಧ್ಯೆ ಕೂತು ಕೇಳಿದೆ. ನಲವತ್ತು ನಿಮಿಷ. ಇಷ್ಟು ವರ್ಷದಲ್ಲಿ ನಿನ್ನ ಉಮ್ಮ ಅಷ್ಟು ಹೊತ್ತು ಒಟ್ಟಿಗೆ ಮಾತಾಡಿದ್ದನ್ನು ನಾನು ಕೇಳಿದ್ದಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದವನು ನಾನೇ. ಅವಳಿಗೆ ಹೇಳಲಿಕ್ಕೆ ಏನಾದರೂ ಉಂಟಾ ಅಂತ ಕೇಳುವಷ್ಟರಲ್ಲಿ ಇಡುವ ಹೊತ್ತಾಗುತ್ತಿತ್ತು. ಮತ್ತೊಮ್ಮೆ ಹಾಕಿ ಕೇಳಿದೆ. ಸಂಜೆ ನಡೆದುಕೊಂಡು ಹೋಗಿ ಆಫೀಸಿನಲ್ಲಿ ರಾಜೀನಾಮೆ ಕೊಟ್ಟೆ.

ಕಂಪೆನಿಯವರು ಇರು ಅಂದರು, ಇಲ್ಲಿರುವ ಪರವಾನಗಿ, ಇಕಾಮಾ, ಇನ್ನೂ ಏಳು ತಿಂಗಳು ಉಂಟು ಅಂದರು. ಒಳ್ಳೆಯವರೇ. ಡಾಕ್ಟರ್ ಮೊನ್ನೆ ನೋಡಿ ಈಗ ಏನೂ ಕಾಣುವುದಿಲ್ಲ, ಮೂರು ತಿಂಗಳಿಗೊಮ್ಮೆ ಊರಿನಲ್ಲಿಯೇ ತೋರಿಸಿ ಅಂತ ಕಾಗದ ಬರೆದುಕೊಟ್ಟಿದ್ದಾರೆ. ಕೀಲಿಕೈಗಳನ್ನು ಹೊಸಬನಿಗೆ ಒಪ್ಪಿಸುತ್ತಿದ್ದೇನೆ. ಯಾವ ರ‍್ಯಾಕಿನಲ್ಲಿ ಏನುಂಟು ಅಂತ ಅವನಿಗೆ ಬರೆದು ಬರೆದು ಒಂದು ನೋಟ್‌ಬುಕ್ ತುಂಬಿತು.

ಗಂಜಿ ಕೊಟ್ಟದ್ದು ಬೀರಾನ್. ಉಮ್ಮ ಅದನ್ನು ಪ್ರತಿ ಶುಕ್ರವಾರ ಕೇಳುತ್ತಾಳೆ, ನಾನು ಪ್ರತಿ ಸಲ ಬರೆದು ತೋರಿಸುತ್ತೇನೆ. ಮೊದಲ ಒಂದು ತಿಂಗಳು ಕೊಳವೆಯಲ್ಲಿ ಹಾಕಬೇಕಿತ್ತು. ಅವನೇ ಹಾಕಿದ. ನಾನು ಹೋದ ಮೇಲೆ ಅವನ ಪಕ್ಕದ ಮಂಚ ಖಾಲಿ. ನಿನ್ನೆಯಿಂದ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ನನ್ನ ಬಟ್ಟೆಗಳನ್ನು ಮಾತ್ರ ಇಸ್ತ್ರಿ ಮಾಡಿ ಇಟ್ಟಿದ್ದಾನೆ. ಅವನಿಗೊಂದು ಕಾಗದ ಬರೆದು ದಿಂಬಿನ ಕೆಳಗಿಟ್ಟು ಬರುತ್ತೇನೆ.

ನವೆಂಬರ್ ಹದಿನಾಲ್ಕು, ಶುಕ್ರವಾರ ಬೆಳಿಗ್ಗೆ ಬಜಪೆ ಏರ್‌ಪೋರ್ಟಿನಲ್ಲಿ ಇಳಿಯುತ್ತೇನೆ. ನೆಂಟರನ್ನೆಲ್ಲ ಕರೆದು ತರಬೇಡ. ನೀನು ಮತ್ತು ನಿನ್ನ ಉಮ್ಮ ಸಾಕು. ಅಲ್ಲಿ ಹೊರಗೆ ಬರುವ ಬಾಗಿಲಲ್ಲಿ ಯಾವಾಗಲೂ ನೂಕುನುಗ್ಗಲು. ನಾನು ಕೂಗಿ ಕರೆಯಲಾರೆ. ಕನ್ನಡಕವೂ ಹಳೆಯದಾಗಿದೆ, ದೂರದವರು ಸರಿಯಾಗಿ ಕಾಣುವುದಿಲ್ಲ. ನಾನು ಗಾಡಿ ತಳ್ಳಿಕೊಂಡು ಬಂದು ಒಂದು ಕಡೆ ನಿಂತಿರುತ್ತೇನೆ. ನೀವೇ ಹತ್ತಿರ ಬರಬೇಕು.

ನಿನ್ನ ಉಪ್ಪ,
ಹಸೈನಾರ್